ಏರ್‌ಬ್ರಷ್ ಬಣ್ಣದ ಹದ: ಮಾದರಿ ತಯಾರಕರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಮಾದರಿಗಳಿಗೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನವಾದ ಏರ್‌ಬ್ರಷ್‌ನಿಂದ ಬಣ್ಣ ಹೊಡೆಯುವ ಕೆಲಸಕ್ಕೆ ಸಂಬಂಧಿಸಿದವು. ಕಾಸರಗೋಡು, ಹೊಸೂರು, ಅಕ್ಕಲಕೋಟೆ, ಆದೋನಿ ಮುಂತಾದ ಕಡೆಗಳ ಓದುಗರು ಬಣ್ಣಕ್ಕೆ ತಿನ್ನರನ್ನು (ತೆಳು ಮಾಡುವ ದ್ರವವನ್ನು) ಎಷ್ಟು ಬೆರೆಸಬೇಕೆಂದು ಒಂದು ಅಳತೆಯನ್ನು ಕೇಳಿದ್ದಾರೆ. ಅಳತೆಗಳನ್ನು ಉತ್ತರಗಳಲ್ಲಿ ಕೊಟ್ಟಿದ್ದೇನೆ. ಆದರೆ ಬಣ್ಣ ಯಾವ ದ್ರವಕ್ಕೆ ಒಗ್ಗುವಂಥದ್ದು, ಅಂದಿನ ಹವೆ ಎಂಥದ್ದು ಎಂಬೆರಡನ್ನು ಗಮನಿಸದೆ ಬರಿಯ ಅಳತೆಯನ್ನು ನಂಬಿದರೆ, ಒಂದು ಊರಿನಲ್ಲಿ ಚೆನ್ನಾಗಿ ಕೂತ ಬಣ್ಣವೇ ಇನ್ನೊಂದು ಊರಿನಲ್ಲಿ ಕೆಡುತ್ತದೆ ಎಂಬುದು ಕೆಳಗಿನ ಪತ್ರಗಳಿಂದಲೇ ತಿಳಿಯುತ್ತದೆ.

ಪ್ರಶ್ನೆ: ಮಾನ್ಯರೇ, ನಾನು ತಮಿಯಾ ಅಕ್ರಿಲಿಕ್ ಬಣ್ಣಗಳಿಗೆ ಔಷಧಿ ಅಂಗಡಿಯಿಂದ ತಂದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬೆರೆಸಿ ಬಳಸುತ್ತಿದ್ದೆ. ಯಾವ ತೊಂದರೆಯೂ ಆಗಿರಲಿಲ್ಲ. ಈಚೆಗೆ ಡ್ರಾಪರ್ ಬಾಟಲಿಯಲ್ಲಿ ಬರುವ ವಲ್ಲೆಹೊ ಬಣ್ಣ ತರಿಸಿಕೊಂಡೆ. ಅದೂ ಅಕ್ರಿಲಿಕ್ ಎಂದೇ ಬರೆದಿದ್ದುದರಿಂದ ಅದೇ ಆಲ್ಕೊಹಾಲನ್ನು ಹಾಕಿದೆ. ಬಣ್ಣ ಏರ್‌ಬ್ರಷ್‌ನ ಕಪ್‌ನಲ್ಲಿಯೇ ಒಡೆದು ಅಂಟಂಟಾದ ಗಂಟುಗಳಾಗಿ, ಬಣ್ಣ ಹೊರಬರುವ ನಾಝಲ್ ಕಟ್ಟಿಕೊಂಡಿತು. ಬಣ್ಣ ಹಳೆಯದಾಗಿತ್ತೇ? – ಒಬ್ಬ ಓದುಗರು, ಹೊಸೂರು

ಉತ್ತರ: ಬಣ್ಣದಲ್ಲಿ ದೋಷವಿಲ್ಲ, ಬೆರೆಸಿದ ದ್ರವ ಅದಕ್ಕೆ ಹೊಂದುವಂಥದ್ದಲ್ಲ. ತಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಸಾಲಿನ ಅಕ್ರಿಲಿಕ್‌ಗಳಲ್ಲಿ ರಾಳವು ಆಲ್ಕೊಹಾಲ್ ಮತ್ತು ಗ್ಲೈಕಾಲ್ ಈಥರಿನಂಥ ದ್ರಾವಕಗಳಿಗೆ ಒಗ್ಗುವಂತಿರುತ್ತದೆ. ಆದ್ದರಿಂದ ಅವುಗಳಿಗೆ ಆ ಕಂಪನಿಯದೇ ಎಕ್ಸ್-20ಎ ತಿನ್ನರ್, ಐಸೊಪ್ರೊಪೈಲ್ ಆಲ್ಕೊಹಾಲ್, ಮಾದರಿಗಳಿಗೆಂದೇ ಮಾರುವ ಲ್ಯಾಕರ್ (ಬೇಗ ಒಣಗುವ ದ್ರಾವಕದ ಬಣ್ಣ) ತಿನ್ನರ್ ಈ ಮೂರೂ ಹೊಂದುತ್ತವೆ. ವಲ್ಲೆಹೊ ಬಣ್ಣದಲ್ಲಿಯೂ, ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಕರಕುಶಲ ಅಕ್ರಿಲಿಕ್‌ಗಳಲ್ಲಿಯೂ ರಾಳವು ಅತಿಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಆ ಕಣಗಳು ಒಂದಕ್ಕೊಂದು ಅಂಟದಂತೆ ನೀರಿನಲ್ಲಿ ಒಂದು ಸಮತೋಲನವನ್ನು ಕಾಯ್ದಿಟ್ಟಿರುತ್ತಾರೆ. ಆಲ್ಕೊಹಾಲ್ ಸೇರಿದ ಕೂಡಲೇ ಆ ಸಮತೋಲನ ತಪ್ಪಿ ಕಣಗಳು ಕೂಡಿಕೊಳ್ಳುತ್ತವೆ, ಮತ್ತೆ ಎಷ್ಟು ಕಲಕಿದರೂ ಬಿಡಿಸಿಕೊಳ್ಳುವುದಿಲ್ಲ.

ನೀರಿನ ಅಕ್ರಿಲಿಕ್‌ಗಳಿಗೆ ಅದೇ ಕಂಪನಿಯ ತಿನ್ನರ್ ಬಳಸುವುದು ನಿಶ್ಚಿಂತೆಯ ದಾರಿ. ಅದಿಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಬಣ್ಣ ಸರಾಗವಾಗಿ ಹರಿಯುವಂತೆ ಮಾಡುವ ಫ್ಲೋ ಇಂಪ್ರೂವರನ್ನು ಒಂದೆರಡು ಹನಿ ಸೇರಿಸಿ ಬಳಸಬಹುದು. ಕೊಳವೆ ಬಾವಿಯ ಗಡಸು ನೀರನ್ನು ಹಾಕಬೇಡಿ, ಅದರ ಲವಣಗಳು ಒಣಗಿದ ಮೇಲೆ ಮೈಮೇಲೆ ಕಲೆಯಾಗಿ ನಿಲ್ಲಬಹುದು. ಅಳತೆಯಲ್ಲಿ ಎರಡು ಪಾಲು ಬಣ್ಣಕ್ಕೆ ಒಂದು ಪಾಲು ತಿನ್ನರಿನಿಂದ ಆರಂಭಿಸಿ ಸಮಸಮದವರೆಗೆ ಹೋಗಬಹುದು. ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುವ ಮಾಡೆಲ್ ಏರ್ ಸಾಲಿನ ಬಣ್ಣಕ್ಕೆ ಒಂದೆರಡು ಹನಿ ಸಾಕು. ತಮಿಯಾ ಅಕ್ರಿಲಿಕ್‌ಗೆ ಒಂದಕ್ಕೆ ಒಂದರಿಂದ ಒಂದಕ್ಕೆ ಎರಡು ಪಾಲು, ಮಿಸ್ಟರ್ ಕಲರ್‌ನಂಥ ಲ್ಯಾಕರ್ ಬಣ್ಣಗಳಿಗೆ ಒಂದಕ್ಕೆ ಒಂದೂವರೆಯಿಂದ ಎರಡು ಪಾಲು ಲ್ಯಾಕರ್ ತಿನ್ನರ್, ಹಂಬ್ರಾಲ್‌ನಂಥ ಎನಾಮೆಲ್‌ಗಳಿಗೆ ಹೆಚ್ಚು ಕಡಿಮೆ ಸಮಪಾಲು ವೈಟ್ ಸ್ಪಿರಿಟ್ ಅಥವಾ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಎಂದು ಇಟ್ಟುಕೊಳ್ಳಿ. ಇವೆಲ್ಲ ಆರಂಭದ ಅಳತೆಗಳು ಮಾತ್ರ. ಬಣ್ಣ ಹಾಲಿನ ಹದಕ್ಕೆ ಬರಬೇಕೆಂದು ಹೇಳುವ ರೂಢಿಯಿದೆ. ಅದಕ್ಕಿಂತ ಖಚಿತವಾದ ಪರೀಕ್ಷೆಯೆಂದರೆ, ಬೆರೆಸಿದ ಬಣ್ಣವನ್ನು ಕಡ್ಡಿಯಿಂದ ಕಪ್‌ನ ಗೋಡೆಗೆ ಸ್ವಲ್ಪ ಎಳೆದು ಬಿಟ್ಟು ನೋಡುವುದು. ಬಣ್ಣ ತಡೆಯಿಲ್ಲದೆ ಕೆಳಗಿಳಿದು ಗೋಡೆಯ ಮೇಲೆ ತೆಳುವಾದ, ಪಾರದರ್ಶಕವಾದ ಪೊರೆಯನ್ನು ಬಿಟ್ಟರೆ ಹದ ಸರಿ. ದಪ್ಪಗೆ ಅಂಟಿಕೊಂಡು ನಿಂತರೆ ಇನ್ನೂ ತಿನ್ನರ್ ಬೇಕು. ಏನೂ ಉಳಿಯದೆ ಪೂರ್ತಿ ಜಾರಿಹೋದರೆ ತಿನ್ನರ್ ಹೆಚ್ಚಾಗಿದೆ. ಅಂಥ ಬಣ್ಣ ಮಾದರಿಯ ಮೇಲೆ ನಿಲ್ಲದೆ ಗಾಳಿಯ ಒತ್ತಡಕ್ಕೆ ನಾಲ್ಕೂ ಕಡೆ ಕಾಲು ಬಿಟ್ಟುಕೊಂಡು ಹರಿಯುತ್ತದೆ.

ಹೊಸ ಬಣ್ಣಕ್ಕೆ ಹೊಸ ತಿನ್ನರ್ ಹಾಕುವ ಮೊದಲು ಬಿಳಿ ಟೈಲ್ಸ್ ತುಂಡಿನ ಮೇಲೆ ಎರಡರ ಹನಿಗಳನ್ನೂ ಕಲಸಿ ಐದು ನಿಮಿಷ ಬಿಡಿ. ತರಿ ಕಾಣಿಸಿಕೊಂಡರೆ ಅವೆರಡು ಕೂಡುವುದಿಲ್ಲ. ಕಟ್ಟಿಕೊಂಡಿರುವ ನಿಮ್ಮ ನಾಝಲ್ ನೀರಿಗೆ ಬಿಡುವುದಿಲ್ಲ. ಒಳಗಿನ ಸೂಜಿಯನ್ನೂ ನಾಝಲನ್ನೂ ಬಿಚ್ಚಿ, ಆ ಲೋಹದ ಭಾಗಗಳನ್ನು ಮಾತ್ರ ಲ್ಯಾಕರ್ ತಿನ್ನರಿನಲ್ಲಿ ನೆನೆಸಿಡಿ. ರಬ್ಬರ್ ಓ-ರಿಂಗ್‌ಗಳಿರುವ ಭಾಗವನ್ನು ಮುಳುಗಿಸಬೇಡಿ, ಅವು ಉಬ್ಬಿ ಕೆಡುತ್ತವೆ.

ಪ್ರಶ್ನೆ: 2025ರ ಸೆಪ್ಟೆಂಬರ್ 26ರಂದು ವಾಯುಪಡೆಯಿಂದ ನಿವೃತ್ತವಾದ ಮಿಗ್-21 ವಿಮಾನದ 1/72 ಅಳತೆಯ ಮಾದರಿಯನ್ನು ಮಾಡುತ್ತಿದ್ದೇನೆ. ಹಳೆಯ ವಿಮಾನಗಳ ಹಾಗೆ ಬೆಳ್ಳಿಯ ಮೈ ಬರಬೇಕೆಂದು ಮೊದಲು ಹೊಳಪಿನ ಕಪ್ಪು ಲ್ಯಾಕರ್ ಬಣ್ಣ ಹೊಡೆದೆ. ಆಟಿ ತಿಂಗಳ ಮಳೆಯ ದಿನ. ಹೊಡೆದ ಒಂದೆರಡು ನಿಮಿಷದಲ್ಲಿಯೇ ಕಪ್ಪು ಮೈಯೆಲ್ಲ ಬೂದುಬಿಳಿಯಾಗಿ ಮಬ್ಬುಗಟ್ಟಿತು. ಜೊತೆಗೆ ನಡುನಡುವೆ ನೀರಿನ ಹನಿಗಳೂ ಸಿಡಿದಿವೆ. ತಿನ್ನರ್ ಹೆಚ್ಚು ಹಾಕಿದರೂ ಅಷ್ಟೇ, ಕಡಿಮೆ ಮಾಡಿದರೂ ಅಷ್ಟೇ. – ಒಬ್ಬ ಓದುಗರು, ಕುಂಬಳೆ

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತೊಂದರೆಗಳು. ಎರಡಕ್ಕೂ ಕಾರಣ ಗಾಳಿಯಲ್ಲಿರುವ ತೇವ.

ಮಬ್ಬಿನ ವಿಚಾರವನ್ನು ಮೊದಲು ನೋಡೋಣ. ಲ್ಯಾಕರ್ ತಿನ್ನರ್ ಬಹಳ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಣ್ಣದ ಮೈಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಆಗ ಹಸಿ ಬಣ್ಣದ ಮೇಲ್ಮೈ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಉಷ್ಣತೆ 26 ಡಿಗ್ರಿ, ಆರ್ದ್ರತೆ ಶೇಕಡಾ 90 ಇರುವ ದಿನ ಅಪರೂಪವಲ್ಲ. ಅಂಥ ಗಾಳಿ ಸುಮಾರು 24 ಡಿಗ್ರಿಗೆ ಇಳಿದರೆ ಸಾಕು, ಅದರಲ್ಲಿರುವ ನೀರು ಹನಿಗಟ್ಟುತ್ತದೆ. ಎಂದರೆ ಬಣ್ಣದ ಮೈ ಕೇವಲ ಎರಡು ಡಿಗ್ರಿ ತಣ್ಣಗಾದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಹನಿಗಳು ಕೂರುತ್ತವೆ. ಆ ಹನಿಗಳು ಒಣಗುತ್ತಿರುವ ರಾಳವನ್ನು ಕೆಡಿಸಿ, ಬೆಳಕನ್ನು ಚದುರಿಸುವ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತವೆ. ಹೊಳಪಿನ ಕಪ್ಪಿನ ಮೇಲೆ ಇದು ಎದ್ದು ಕಾಣುತ್ತದೆ, ತಿಳಿಬೂದು ಬಣ್ಣವಾಗಿದ್ದರೆ ನಿಮಗೆ ಗೊತ್ತೂ ಆಗುತ್ತಿರಲಿಲ್ಲ. ತಿನ್ನರಿನ ಪ್ರಮಾಣವನ್ನು ಬದಲಿಸಿ ಇದನ್ನು ತಡೆಯಲಾಗದು. ಬದಲಿಸಬೇಕಾದ್ದು ತಿನ್ನರಿನ ವೇಗವನ್ನು.

ನಿಧಾನವಾಗಿ ಆವಿಯಾಗುವ ರಿಟಾರ್ಡರ್ ಸೇರಿರುವ ತಿನ್ನರನ್ನು ಬಳಸಿ. ಮಿಸ್ಟರ್ ಲೆವೆಲಿಂಗ್ ತಿನ್ನರ್ ಅಂಥದ್ದು. ಸಾಮಾನ್ಯ ಲ್ಯಾಕರ್ ತಿನ್ನರ್ ಮಾತ್ರ ಇದ್ದರೆ ಬಿಡಿಯಾಗಿ ಸಿಗುವ ಲ್ಯಾಕರ್ ರಿಟಾರ್ಡರನ್ನು ಶೇಕಡಾ 5ರಿಂದ 10ರವರೆಗೆ ಸೇರಿಸಬಹುದು. ಅದನ್ನು ಮೀರಿದರೆ ಬಣ್ಣ ದಿನಗಟ್ಟಲೆ ಮೆತ್ತಗೇ ಉಳಿಯುತ್ತದೆ. ಒಂದೇ ಸಲ ತೋಯುವಂತೆ ಹೊಡೆಯದೆ ತೆಳುವಾದ ಪದರಗಳಲ್ಲಿ, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಹೊಡೆಯಿರಿ. ಮಾದರಿಯನ್ನು ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಟ್ಟುಕೊಳ್ಳುವುದೂ ಉಪಯುಕ್ತ. ಮುಚ್ಚಿದ ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ತಂತುವಿನ ಬಲ್ಬನ್ನು ರಟ್ಟಿಗೆ ತಾಗದಂತೆ ಉರಿಸಿ, ಒಳಗೆ ಸುಮಾರು 40 ಡಿಗ್ರಿ ಇರುವಂತೆ ನೋಡಿಕೊಂಡು ಅರ್ಧ ಗಂಟೆ ಇಟ್ಟರೆ ಸಾಕು. ಪಾಲಿಸ್ಟೈರೀನ್ ಪ್ಲಾಸ್ಟಿಕ್ ನೂರು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ಬಿಸಿಗಾಳಿಯ ಯಂತ್ರವನ್ನು ಹತ್ತಿರ ಹಿಡಿಯಬೇಡಿ. ಈಗಾಗಲೇ ಮಬ್ಬಾಗಿರುವ ಮೈಯನ್ನು ಕೆರೆದು ತೆಗೆಯಬೇಕಾಗಿಲ್ಲ. ಆರ್ದ್ರತೆ ಕಡಿಮೆಯಾದ ದಿನ ರಿಟಾರ್ಡರ್ ಇರುವ ತಿನ್ನರನ್ನಷ್ಟೇ, ಬಣ್ಣವಿಲ್ಲದೆ, ಅತಿ ತೆಳುವಾಗಿ ಸಿಂಪಡಿಸಿದರೆ ರಾಳ ಮತ್ತೆ ಕರಗಿ ಕೂಡಿಕೊಂಡು ಕಪ್ಪು ಬಹುಮಟ್ಟಿಗೆ ಮರಳುತ್ತದೆ. ಆ ಬಳಿಕ ಒಂದು ತೆಳು ಪದರ ಕಪ್ಪು ಕೊಟ್ಟು, ಪೂರ್ತಿ ಒಣಗಿದ ಮೇಲೆ, ಬೆಳ್ಳಿಯ ಬಣ್ಣವನ್ನು 10–12 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದಲ್ಲಿ ಮಾದರಿಗೆ ಹತ್ತಿರದಿಂದ, ಅಡಿಯ ಕಪ್ಪು ಕರಗದಷ್ಟು ತೆಳುವಾಗಿ ಹೊಡೆಯಿರಿ.

ಇನ್ನು ಸಿಡಿದ ಹನಿಗಳು. ಒದ್ದೆ ಗಾಳಿಯನ್ನು ಕಂಪ್ರೆಸರ್ ಅದುಮಿದಾಗ ಅದು ಬಿಸಿಯಾಗುತ್ತದೆ. ಟ್ಯಾಂಕ್ ಮತ್ತು ಪೈಪಿನಲ್ಲಿ ತಣಿದಾಗ ನೀರನ್ನು ಬಿಡುತ್ತದೆ. ಕಂಪ್ರೆಸರ್‌ಗೆ ಅಂಟಿಕೊಂಡೇ ಇರುವ ಮಾಯಿಶ್ಚರ್ ಟ್ರ್ಯಾಪ್ (ತೇವ ಹಿಡಿಯುವ ಸಾಧನ) ಬಿಸಿ ಗಾಳಿಯಿಂದ ನೀರನ್ನು ಪೂರ್ತಿ ಹಿಡಿಯಲಾರದು, ಏಕೆಂದರೆ ಅಲ್ಲಿ ಅದು ಇನ್ನೂ ಆವಿಯ ರೂಪದಲ್ಲಿದೆ. ಕರಾವಳಿಯವರು ಏರ್‌ಬ್ರಷ್‌ನ ಕೆಳಗೆ ಪೈಪಿನ ತುದಿಯಲ್ಲಿ ಕೂರುವ ಇನ್ನೊಂದು ಸಣ್ಣ ಟ್ರ್ಯಾಪನ್ನು ಹಾಕಿಕೊಳ್ಳಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಟ್ಯಾಂಕಿನ ಅಡಿಯ ತಿರುಪನ್ನು ಕೆಲಸ ಮುಗಿದಾಗಲೆಲ್ಲ ತೆರೆದು ನೀರನ್ನು ಬಸಿಯಿರಿ.

ಪ್ರಶ್ನೆ: ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ 1897ರಲ್ಲಿ ಆರಂಭವಾದ ಬಾರ್ಸಿ ಲೈಟ್ ರೈಲ್ವೆಯ ಗೂಡ್ಸ್ ವ್ಯಾಗನ್ ಒಂದನ್ನು 1/87 ಅಳತೆಯಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ್ದೇನೆ. ಆ ಮಾರ್ಗದ 762 ಮಿಲಿಮೀಟರ್ ಗೇಜು (ಹಳಿಗಳ ನಡುವಿನ ಅಂತರ) ಈ ಅಳತೆಯಲ್ಲಿ ಸುಮಾರು 9 ಮಿಲಿಮೀಟರ್ ಆಗುತ್ತದೆ. ಬಣ್ಣ ಹೊಡೆದ ಮೇಲೆ ಮೈಯೆಲ್ಲ ತರಿತರಿಯಾಗಿದೆ. ನಾಝಲ್ ಕೂಡ ಎರಡು ನಿಮಿಷಕ್ಕೊಮ್ಮೆ ಕಟ್ಟುತ್ತದೆ. ತಮಿಯಾ ಬಣ್ಣಕ್ಕೆ ಸಮಪಾಲು ಆಲ್ಕೊಹಾಲ್, 25 ಪಿಎಸ್‌ಐ ಒತ್ತಡ. ಬೇಸಿಗೆಯ ಮಧ್ಯಾಹ್ನ. – ಒಬ್ಬ ಓದುಗರು, ಅಕ್ಕಲಕೋಟೆ

ಉತ್ತರ: ನಿಮ್ಮದು ಕುಂಬಳೆಯವರಿಗೆ ನೇರ ವಿರುದ್ಧವಾದ ಪರಿಸ್ಥಿತಿ. ಉಷ್ಣತೆ 40 ಡಿಗ್ರಿ, ಆರ್ದ್ರತೆ ಶೇಕಡಾ 25 ಇರುವ ಗಾಳಿಯಲ್ಲಿ ನೀರು ಹನಿಗಟ್ಟಬೇಕಾದರೆ ಮೈ ಸುಮಾರು 24 ಡಿಗ್ರಿ ತಣ್ಣಗಾಗಬೇಕು, ಆದ್ದರಿಂದ ಮಬ್ಬಿನ ಭಯ ನಿಮಗಿಲ್ಲ. ಆದರೆ ನಾಝಲ್‌ನಿಂದ ಹೊರಟ ಬಣ್ಣದ ಹನಿ ಮಾದರಿಯನ್ನು ಮುಟ್ಟುವ ಮೊದಲೇ ಅರ್ಧ ಒಣಗುತ್ತದೆ. ಹಾಗೆ ಒಣಗಿದ ಕಣ ಮೈಮೇಲೆ ಹರಡಿಕೊಳ್ಳದೆ ಗುಂಡಗೆ ಅಂಟಿಕೊಳ್ಳುತ್ತದೆ. 1/87ರ ಅಳತೆಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ತರಿಯೂ ನಿಜವಾದ ವ್ಯಾಗನ್ನಿನ ಮೇಲೆ ಸುಮಾರು 9 ಮಿಲಿಮೀಟರ್ ಎತ್ತರದ ಉಬ್ಬಿಗೆ ಸಮ. ನೀವು ಒಂದೊಂದಾಗಿ ಕೂರಿಸಿದ ರಿವೆಟ್‌ಗಳು ಅದರಲ್ಲಿ ಮುಳುಗಿಹೋಗುತ್ತವೆ, ಅಷ್ಟು ಶ್ರಮ ವ್ಯರ್ಥವಾಗಬಾರದು.

ಆಲ್ಕೊಹಾಲ್ ನಿಮ್ಮ ಹವೆಗೆ ತೀರ ಚುರುಕಾದ ದ್ರವ. ಅದರ ಬದಲು ಎಕ್ಸ್-20ಎ ತಿನ್ನರಿಗೆ ಆ ಅಕ್ರಿಲಿಕ್‌ಗೆಂದೇ ಇರುವ ರಿಟಾರ್ಡರಿನ ಕೆಲವು ಹನಿ ಸೇರಿಸಿ, ಇಲ್ಲವೇ ಲೆವೆಲಿಂಗ್ ತಿನ್ನರ್ ಬಳಸಿ, ಒಂದಕ್ಕೆ ಎರಡರ ಪ್ರಮಾಣದಲ್ಲಿ ತೆಳು ಮಾಡಿ. ಒತ್ತಡವನ್ನು 12–15 ಪಿಎಸ್‌ಐಗೆ ಇಳಿಸಿ, ಏರ್‌ಬ್ರಷನ್ನು ಮಾದರಿಯಿಂದ ಐದಾರು ಸೆಂಟಿಮೀಟರ್ ದೂರದಷ್ಟು ಹತ್ತಿರಕ್ಕೆ ತನ್ನಿ. ಬಣ್ಣ ಬಿದ್ದ ಜಾಗ ಕ್ಷಣಕಾಲ ಒದ್ದೆಯಾಗಿ ಮಿನುಗಿ ಬಳಿಕ ಮಾಸಬೇಕು. ಬಿದ್ದೊಡನೆಯೇ ಮಂಕಾಗಿ ಕಂಡರೆ ಅದು ಒಣಗಿಯೇ ಬರುತ್ತಿದೆ ಎಂದು ತಿಳಿಯಿರಿ. ಬೆಳಿಗ್ಗೆ ಬೇಗ ಕೆಲಸ ಮಾಡುವುದು ಎಲ್ಲಕ್ಕಿಂತ ಸುಲಭದ ಪರಿಹಾರ. ಮನೆಯಲ್ಲಿ ನೀರಿನ ಕೂಲರ್ ಇದ್ದರೆ ಸ್ವಲ್ಪ ಹೊತ್ತು ಓಡಿಸಿ ಕೋಣೆಯನ್ನು ತಂಪು ಮಾಡಿಕೊಂಡು, ಬಣ್ಣ ಹೊಡೆಯುವಾಗ ಅದನ್ನೂ ಸೀಲಿಂಗ್ ಫ್ಯಾನನ್ನೂ ನಿಲ್ಲಿಸಿ, ಧೂಳು ಅಡಗಿದ ಮೇಲೆ ಆರಂಭಿಸಿ. ನಾಝಲ್ ಕಟ್ಟುವುದು ಸೂಜಿಯ ತುದಿಯಲ್ಲಿ ಬಣ್ಣ ಒಣಗುವುದರಿಂದ. ತಿನ್ನರಿನಲ್ಲಿ ಅದ್ದಿದ ಕಿವಿಕಡ್ಡಿಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಆಗಾಗ ತುದಿಯನ್ನು ಮೃದುವಾಗಿ ಒರೆಸಿ. ನಿಮ್ಮ ಏರ್‌ಬ್ರಷ್ 0.2 ಮಿಲಿಮೀಟರ್ ನಾಝಲ್‌ನದಾದರೆ ಇಂಥ ಕೆಲಸಕ್ಕೆ 0.3 ಒಳ್ಳೆಯದು. ಈಗಿರುವ ತರಿಯನ್ನು, ಬಣ್ಣ ಪೂರ್ತಿ ಒಣಗಿದ ಮೇಲೆ, 2000 ನಂಬರಿನ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ ರಿವೆಟ್‌ಗಳನ್ನು ತಪ್ಪಿಸಿ ಹಗುರವಾಗಿ ಉಜ್ಜಿ ತೆಗೆಯಬಹುದು.

ಪ್ರಶ್ನೆ: ಗ್ಯಾರೇಜಿನವರು ಕಾರಿನ ಬಣ್ಣಕ್ಕೆ ಬಳಸುವ ಎನ್‌ಸಿ ತಿನ್ನರ್ ಅಗ್ಗವಾಗಿ ಸಿಗುತ್ತದೆ. ಅದನ್ನೇ ಮಾದರಿಗೆ ಬಳಸಬಹುದೇ? – ಒಬ್ಬ ಓದುಗರು, ಬದಿಯಡ್ಕ

ಉತ್ತರ: ಬಣ್ಣ ತೆಳು ಮಾಡಲು ಬೇಡ, ಏರ್‌ಬ್ರಷ್‌ನ ಲೋಹದ ಭಾಗಗಳನ್ನು ತೊಳೆಯಲು ಬಳಸಿ. ಅದರಲ್ಲಿರುವ ಟಾಲ್ವೀನ್‌ನಂಥ ದ್ರಾವಕಗಳು ಪಾಲಿಸ್ಟೈರೀನನ್ನು ಕರಗಿಸುತ್ತವೆ, ಮತ್ತು ಮಿಶ್ರಣ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳದ ಹತ್ತಿರವಂತೂ ಅದನ್ನು ತರಲೇಬೇಡಿ, ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ.

ಪ್ರಶ್ನೆ: ಟ್ರಿಗರ್ ಒತ್ತಿದ ಕೂಡಲೇ ಕಪ್‌ನಲ್ಲಿ ಗುಳ್ಳೆಗಳು ಏಳುತ್ತವೆ. ಬಣ್ಣ ಬಿಟ್ಟು ಬಿಟ್ಟು ಬರುತ್ತದೆ. ತಿನ್ನರ್ ಎಷ್ಟು ಹಾಕಿದರೂ ಸರಿಹೋಗಲಿಲ್ಲ. – ಒಬ್ಬ ಓದುಗರು, ಆದೋನಿ

ಉತ್ತರ: ಇದು ಹದದ ತೊಂದರೆಯಲ್ಲ. ಮುಂದಕ್ಕೆ ಹೋಗಬೇಕಾದ ಗಾಳಿ ನಾಝಲ್‌ನ ಸುತ್ತಲಿಂದ ಹಿಂದಕ್ಕೆ ನುಗ್ಗಿ ಕಪ್‌ಗೆ ಬರುತ್ತಿದೆ. ಕಪ್‌ನಲ್ಲಿ ಬರಿಯ ನೀರು ಹಾಕಿ ಗಾಳಿಯನ್ನು ಮಾತ್ರ ಬಿಡಿ. ಆಗಲೂ ಗುಳ್ಳೆ ಬಂದರೆ ನಾಝಲ್ ಸರಿಯಾಗಿ ಕೂತಿಲ್ಲ, ಅಥವಾ ಅದರ ಬುಡದಲ್ಲಿ ಒಣಗಿದ ಬಣ್ಣ ಸಿಕ್ಕಿಕೊಂಡಿದೆ, ಇಲ್ಲವೇ ನಾಝಲ್‌ನ ತುದಿ ಸೀಳಿದೆ. ಬಿಚ್ಚಿ ತೊಳೆದು, ಅದರದೇ ಸಣ್ಣ ಸ್ಪ್ಯಾನರಿನಿಂದ ಹಗುರವಾಗಿ ಬಿಗಿಯಿರಿ. ಇಕ್ಕಳ ಹಿಡಿದು ತಿರುಗಿಸಿದರೆ ಆ ಪುಟ್ಟ ಮರೆ (ತಿರುಪಿನ ಸುತ್ತು) ತುಂಡಾಗುತ್ತದೆ. ಮರೆಗೆ ಒಂದಿಷ್ಟು ಜೇನುಮೇಣ ಸವರಿದರೆ ಗಾಳಿ ಸೋರುವುದು ನಿಲ್ಲುತ್ತದೆ. ಸೂಜಿಯನ್ನು ಹೊರತೆಗೆದಾಗ ಬೆಳಕಿಗೆ ಹಿಡಿದು ತುದಿಯನ್ನೂ ನೋಡಿ. ಅದು ಸ್ವಲ್ಪ ಬಾಗಿದ್ದರೂ ಬಣ್ಣ ಒಂದು ಬದಿಗೆ ಸರಿದು ಬೀಳುತ್ತದೆ.

ಪ್ರಶ್ನೆ: ಮಾಸ್ಕಿಂಗ್ ಟೇಪ್ ತೆಗೆಯುವಾಗ ಬಣ್ಣವೂ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ನೀರಿನ ಅಕ್ರಿಲಿಕ್ ಬಳಸುತ್ತೇನೆ. – ಒಬ್ಬ ಓದುಗರು, ಪೆರ್ಲ

ಉತ್ತರ: ನೀರಿನ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಕಚ್ಚಿಕೊಳ್ಳುವುದಿಲ್ಲ, ಮೇಲೆ ಪೊರೆಯಾಗಿ ಕೂರುತ್ತದಷ್ಟೇ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯ ಅಂಶ ಬಿಡಿಭಾಗಗಳ ಮೇಲೆ ಉಳಿದಿರಬಹುದು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ ತಾಗಿದರೂ ಸಾಕು. ಭಾಗಗಳನ್ನು ಚೌಕಟ್ಟಿನಿಂದ ಬಿಡಿಸುವ ಮೊದಲೇ ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ, ಜೋಡಣೆಯಾದ ಮೇಲೆ ಲ್ಯಾಕರ್ ಪ್ರೈಮರನ್ನು (ಬಣ್ಣ ಹಿಡಿಯಲು ಹೊಡೆಯುವ ಅಡಿಪದರ) ತೆಳುವಾಗಿ ಹೊಡೆಯಿರಿ. ಪ್ರೈಮರ್ ಇಲ್ಲದೆ ನೀರಿನ ಬಣ್ಣಕ್ಕೆ ಟೇಪ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಣ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬೇಕು, ಮಳೆಗಾಲದಲ್ಲಿ ಎರಡು ಮೂರು ದಿನ ಬಿಡಿ. ಟೇಪನ್ನು ಮೊದಲು ಗಾಜಿಗೆ ಅಂಟಿಸಿ ಕಿತ್ತು ಅದರ ಅಂಟನ್ನು ಕುಗ್ಗಿಸಿಕೊಳ್ಳಿ, ಮಾದರಿಯಿಂದ ತೆಗೆಯುವಾಗ ಮೇಲಕ್ಕೆ ಎಳೆಯದೆ ಅದರ ಮೇಲೆಯೇ ಮಡಚಿ ಹಿಂದಕ್ಕೆ ಎಳೆಯಿರಿ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿ ಓದುವ ಮಗ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಣ್ಣ ಹೊಡೆಯುತ್ತಾನೆ. ಮನೆಯೆಲ್ಲ ವಾಸನೆ. ಬಟ್ಟೆಯ ಮಾಸ್ಕ್ ಹಾಕಿಕೊಂಡಿದ್ದೇನೆ ಅಮ್ಮಾ ಎನ್ನುತ್ತಾನೆ. ಇದು ಸಾಕೇ? – ಒಬ್ಬ ತಾಯಿ, ಉಪ್ಪಳ

ಉತ್ತರ: ಸಾಲದು ಅಮ್ಮಾ. ಬಟ್ಟೆಯ ಮಾಸ್ಕ್ ಬಣ್ಣದ ಸೂಕ್ಷ್ಮ ಹನಿಗಳನ್ನು ಸರಿಯಾಗಿ ತಡೆಯುವುದಿಲ್ಲ. ಎನ್-95 ಮಾಸ್ಕ್ ಹನಿಗಳನ್ನು ತಡೆದರೂ ತಿನ್ನರಿನ ಆವಿಯನ್ನು ತಡೆಯಲಾರದು. ಲ್ಯಾಕರ್, ಎನಾಮೆಲ್ ಬಳಸುವವರಿಗೆ ಸಾವಯವ ಆವಿಗಳನ್ನು ಹೀರುವ ಕಾರ್ಟ್ರಿಜ್ ಮತ್ತು ಅದರ ಮುಂದೆ ಕಣಗಳನ್ನು ತಡೆಯುವ ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು, ಮತ್ತು ಗಾಳಿಯನ್ನು ಕಿಟಕಿಯಿಂದ ಹೊರಗೆ ತಳ್ಳುವ ವ್ಯವಸ್ಥೆ ಬೇಕು. ಮಾಸ್ಕ್ ಹಾಕಿದವನು ಅವನೊಬ್ಬನೇ, ಉಳಿದವರು ಅದೇ ಗಾಳಿಯನ್ನು ಉಸಿರಾಡುತ್ತಿದ್ದೀರಿ ಎಂಬುದನ್ನು ಅವನಿಗೆ ತಿಳಿಸಿ ಹೇಳಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸುಮಾರು 12 ಡಿಗ್ರಿಯಲ್ಲಿಯೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಿದು ಅಡುಗೆಮನೆಯ ಒಲೆಯವರೆಗೂ, ದೇವರ ದೀಪದವರೆಗೂ ಹೋಗಬಲ್ಲದು. ಮಲಗುವ ಕೋಣೆಯನ್ನು ಬಿಡಿಸಿ, ಗಾಳಿಯಾಡುವ ಜಗಲಿಯ ಮೂಲೆಯೊಂದನ್ನು ಅವನಿಗೆ ಕೊಡಿ. ಅಲ್ಲಿಯೂ ನೀರಿನ ಅಕ್ರಿಲಿಕ್‌ಗಳಿಂದ ಆರಂಭಿಸಲಿ, ಅವಕ್ಕೂ ಕಣ ತಡೆಯುವ ಮಾಸ್ಕ್ ಇರಲಿ. ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಹೊಡೆಯುವ ಕಾರಿನ ಟು-ಕೆ ಬಣ್ಣ ಮತ್ತು ಕ್ಲಿಯರ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶಾಶ್ವತವಾದ ಆಸ್ತಮಾ ತರಬಲ್ಲದು, ಮನೆಯೊಳಗೆ ಅದಕ್ಕೆ ಜಾಗವೇ ಇಲ್ಲ. ಹವ್ಯಾಸವನ್ನು ಮಾತ್ರ ನಿಲ್ಲಿಸಬೇಡಿ ಎಂದು ವಿನಂತಿ.

ಪ್ರಶ್ನೆ: ತಿನ್ನರ್ ಬೆರೆಸಿ ಉಳಿದ ಬಣ್ಣವನ್ನು ಎತ್ತಿಡಬಹುದೇ? – ಒಬ್ಬ ಓದುಗರು, ತಾಳವಾಡಿ

ಉತ್ತರ: ಲ್ಯಾಕರ್ ಮತ್ತು ಎನಾಮೆಲ್ ಆದರೆ ಬಿಗಿಯಾದ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಬಾಟಲಿಯ ಮೇಲೆ ಬಣ್ಣದ ಸಂಖ್ಯೆಯನ್ನೂ ತಿನ್ನರಿನ ಹೆಸರನ್ನೂ ಬರೆದಿಡಿ, ಮತ್ತೆ ಬಳಸುವ ಮೊದಲು ತಳದಲ್ಲಿ ಕೂತ ವರ್ಣದ್ರವ್ಯವನ್ನು ಚೆನ್ನಾಗಿ ಕಲಕಿ. ಮೂಲ ಡಬ್ಬಿಗೆ ಸುರಿಯಬೇಡಿ, ಮುಂದಿನ ಸಲದ ಅಳತೆ ತಪ್ಪುತ್ತದೆ. ನೀರು ಬೆರೆಸಿದ ಅಕ್ರಿಲಿಕ್‌ನಲ್ಲಿ ಕೊಳೆಯದಂತೆ ತಡೆಯುವ ಅಂಶವೂ ತೆಳುವಾಗಿರುವುದರಿಂದ ಅದು ಬೂಸು ಹಿಡಿದು ನಾರುತ್ತದೆ. ಅಂದಿಗೆ ಬೇಕಾದಷ್ಟನ್ನೇ ಕಲಸಿಕೊಳ್ಳಿ. ಮಿಕ್ಕಿದ್ದನ್ನು ಬಚ್ಚಲಿಗೂ ಬಾವಿಯ ಬದಿಗೂ ಚೆಲ್ಲದೆ, ಹಳೆಯ ಬಟ್ಟೆಗೆ ಹೀರಿಸಿ ಒಣಗಿಸಿ ಕಸಕ್ಕೆ ಹಾಕಿ.